ಗಾಜಿನ ತೊಟ್ಟಿಲು, ಅಜ್ಜನ ಪಟಕಾ

ಹೋದ ತಿಂಗಳು ಒಂದು ಮದುವೆಗೆಂದು ಬಹಳ ವರ್ಷಗಳ ಮೇಲೆ ಉಮರ್ಗಾಕ್ಕೆ ಹೋಗಿದ್ದೆ. ಉಡಿ ತುಂಬಲು ಖಣ ಬೇಕಿತ್ತು. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಬಟ್ಟೆ ಅಂಗಡಿಯೊಂದರ ಮೆಟ್ಟಿಲು ಹತ್ತಿದೆ. ಅಂಗಡಿಯವನು ಆಗಷ್ಟೇ ಮಾಂಜರಪಾಟದ ಹೊಸ ಥಾನು ಬಿಚ್ಚಿ ಯಾರಿಗೋ ಅಳೆದು ಹರಿದು ಕೊಡುತ್ತಿದ್ದ. ಬಣ್ಣ ಹಾಕದ ಆ ಒರಟು ಹತ್ತಿ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಖಣ ಮರೆತು ಅಲ್ಲೇ ನಿಂತುಬಿಟ್ಟೆ.

“ಬಾಯಿ, ಖಣಾ ಈ ಕಡಿ ಅವರೀ. ಅದು ಮಾಂಜರಪಾಟ,” ಅಂದ ಅಂಗಡಿಯವನು.

“ಗೊತ್ತದಪ್ಪಾ, ಜರಾ ತಡಿ,” ಎಂದು ನಾನು ಥಾನಿನ ತುದಿ ಎತ್ತಿ ಮೂಗಿಗೆ ಹಿಡಿದೆ. ಅವನು ನನ್ನ ಜೊತೆಗಿದ್ದ ನಾದಿನಿಯ ಮುಖ ನೋಡಿದ. ಅವಳು ಸುಮ್ಮನಿರುವ ಪೈಕಿಯಲ್ಲ. “ನಮ್ಮ ವೈನಿ ನರ್ಸ್ ಇದ್ರರೀ. ಮಂದಿ ಮಲ್ಲಿಗಿ ಮೂಸ್ತಾರ, ಇವರು ಬಟ್ಟಿ ಮೂಸ್ತಾರ,” ಅಂದಳು. ಅಂಗಡಿ ತುಂಬ ನಗು.

ನಗಲಿ ಬಿಡಿ. ಆ ವಾಸನೆಯಲ್ಲಿ ನನಗೆ ಒಂದು ಇಡೀ ಶ್ರಾವಣ ಕೇಳಿಸುತ್ತದೆ. ತಗಡಿನ ಮೇಲೆ ಬೀಳುವ ಮಳೆ, ಮುದುಕನೊಬ್ಬನ ಗೊರಕೆ, ಆ ಗೊರಕೆಯ ನಡುವೆ ಸಂದು ಹುಡುಕಿಕೊಂಡು ಬರುವ ಒಂದು ಸಣ್ಣ ಉಸಿರು.

ನಾನು ಭಾಲ್ಕಿ ಕಡೆಯವಳು. ಅಜ್ಜಿಯ ಬೆನ್ನಿಗೆ ಬಿದ್ದು ಮಾತು ಕಲಿತವಳು, ಅದಕ್ಕೇ ಮಾತು ಜಾಸ್ತಿ. ನರ್ಸಿಂಗ್ ಮುಗಿಸಿ ಮದುವೆಯಾಗಿ ಗಡಿಯಾಚೆಯ ಉಮರ್ಗಾಕ್ಕೆ ಬಂದಾಗ ಹೆದ್ದಾರಿಯ ಬದಿಯಲ್ಲಿ ಒಂದು ಸಣ್ಣ ಆಸ್ಪತ್ರೆ ಇತ್ತು. ಈಗ ಆ ಜಾಗದಲ್ಲಿ ಲಾರಿ ಟೈರು ಮಾರುತ್ತಾರೆ. ಮುಂದೆ ಸ್ಲ್ಯಾಬಿನ ಕಟ್ಟಡ, ಹಿಂದೆ ಅಂಗಳ, ಅಂಗಳದಲ್ಲಿ ಬೇವಿನ ಮರ, ಮರದಾಚೆ ಒಂದು ಪತ್ರಾ ಶೆಡ್ಡು. ಆ ಸೀಮೆಯಲ್ಲಿ ದೊಡ್ಡ ಭೂಕಂಪವಾದ ಹೊಸತರಲ್ಲಿ ಗಾಯಗೊಂಡವರನ್ನು ಮಲಗಿಸಲು ಎಬ್ಬಿಸಿದ್ದ ತಗಡಿನ ಶೆಡ್ಡು ಅದು. ನಾನು ಹೇಳುವ ವರ್ಷದ ಹೊತ್ತಿಗೆ ಭೂಕಂಪವಾಗಿ ನಾಲ್ಕೈದು ಮಳೆಗಾಲ ಕಳೆದಿದ್ದವು. ಹಳ್ಳಿಗಳಿಗೆ ಹೊಸ ಮನೆಗಳು ಬಂದಿದ್ದವು. ಶೆಡ್ಡಿನಲ್ಲಿ ಮುರಿದ ಮಂಚ, ಹಳೆ ಸ್ಟ್ರೆಚರು, ಒಂದು ಕೋಳಿ ಮತ್ತು ಅದರ ಸಂಸಾರ ಇದ್ದವು.

ಆಸ್ಪತ್ರೆಯ ದೊಡ್ಡ ಡಾಕ್ಟರು ದೇಶಪಾಂಡೆ ಸಾಹೇಬರು. ನಿಲಂಗಾದವರು, ಮನೆಯಲ್ಲಿ ಮರಾಠಿ, ರೋಗಿಗಳ ಜೊತೆ ನಮ್ಮ ಕಡೆಯ ಕನ್ನಡ. ಕೈಗುಣ ಚೆನ್ನಾಗಿತ್ತು, ಸಿಟ್ಟು ಮೂಗಿನ ತುದಿಯಲ್ಲಿತ್ತು. ಅವರ ಹೆಮ್ಮೆಯೆಂದರೆ ಒಂದು ಗಾಜಿನ ಪೆಟ್ಟಿಗೆ. ಭೂಕಂಪದ ಚಳಿಗಾಲದಲ್ಲಿ ತಂಬುಗಳಲ್ಲಿ ಹುಟ್ಟಿದ ಸಣ್ಣ ಕೂಸುಗಳನ್ನು ಬೆಚ್ಚಗಿಡಲೆಂದು ತಾವೇ ನಕ್ಷೆ ಬರೆದು ಊರ ಬಡಗಿಯಿಂದ ಸಾಗವಾನಿಯಲ್ಲಿ ಮಾಡಿಸಿದ್ದರು. ಒಳಗೆ ಬಲ್ಬುಗಳು, ಪಕ್ಕದಲ್ಲಿ ಕೈ ಹಾಕಲು ದುಂಡನೆಯ ಕಿಂಡಿ. ಎಷ್ಟೋ ಕೂಸುಗಳು ಆ ಪೆಟ್ಟಿಗೆಯಲ್ಲಿ ಬದುಕಿದ್ದವು, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಮಂದಿ ಅದಕ್ಕೆ ಗಾಜಿನ ತೊಟ್ಟಿಲು ಎಂದು ಹೆಸರಿಟ್ಟಿದ್ದರು. ದೂರದ ದೇವಣಿಯಿಂದಲೂ ಬಸುರಿಯರನ್ನು ಕರೆದುಕೊಂಡು ಬಂದವರು ಮೊದಲು ಅದನ್ನು ನೋಡಿ, ಕೈ ಮುಗಿದು, ಆಮೇಲೆ ಹೆಸರು ಬರೆಸುತ್ತಿದ್ದರು.

ಆ ವರ್ಷ ಉದಗೀರದಿಂದ ಡಾಕ್ಟರ್ ನಸೀಮಾ ಬಂದರು. ಹೈದರಾಬಾದಿನಲ್ಲಿ ಮಕ್ಕಳ ವೈದ್ಯಕೀಯ ಕಲಿತಿದ್ದ ತೆಳ್ಳನೆಯ ಹುಡುಗಿ. ದಖನಿ, ಮರಾಠಿ, ಕನ್ನಡ ಮೂರನ್ನೂ ಒಂದೇ ವಾಕ್ಯದಲ್ಲಿ ಹಾಕಿ ಕಲಸಿ ಮಾತಾಡುವವರು. ಬಂದ ತಿಂಗಳಲ್ಲೇ ಒಂದು ಪದ್ಧತಿ ಹಚ್ಚಿದರು. ಗುರುವಾರ ಮಧ್ಯಾಹ್ನ ಹೊರರೋಗಿಗಳೆಲ್ಲ ಹೋದ ಮೇಲೆ ನಾವಷ್ಟೂ ಜನ ಕೂಡಬೇಕು. ಹೈದರಾಬಾದಿನ ಗೆಳತಿ ಝೆರಾಕ್ಸ್ ಮಾಡಿ ಕಳಿಸುವ ವೈದ್ಯಕೀಯ ಪತ್ರಿಕೆಯ ಒಂದು ಲೇಖನವನ್ನು ನಸೀಮಾ ಬಾಯಿ ಓದಿ, ನಮಗೆ ತಿಳಿಯುವಂತೆ ಹೇಳಬೇಕು. ಕೊನೆಗೆ ಒಂದೇ ಪ್ರಶ್ನೆ: “ಹಂಗಾರ ನಾಳಿ ಏನು ಬದಲ ಮಾಡಮು?”

ಓದು ಚೆನ್ನಾಗಿ ನಡೆಯಿತು. ಚಹಾ ಇನ್ನೂ ಚೆನ್ನಾಗಿ ನಡೆಯಿತು. ಜೊತೆಗೆ ನಮ್ಮ ಮನೆಯಿಂದ ಚುರುಮುರಿಯ ಸುಸಲಾ ಹೋಗುತ್ತಿತ್ತು. ಆದರೆ ನಾಳೆ ಮಾತ್ರ ಬದಲಾಗುತ್ತಿರಲಿಲ್ಲ. ಹೆರಿಗೆ ನೋವು ತಿನ್ನುವವಳ ಹತ್ತಿರ ಅವಳ ಕಡೆಯ ಹೆಣ್ಣುಮಗಳೊಬ್ಬಳು ಕೂತಿದ್ದರೆ ಹೆರಿಗೆ ಸಲೀಸು ಅಂತ ಒಂದು ಗುರುವಾರ ಓದಿದೆವು. ಎಲ್ಲರೂ “ಖರೆ, ಖರೆ” ಎಂದು ತಲೆ ಆಡಿಸಿದೆವು. ಶುಕ್ರವಾರ ಬೆಳಿಗ್ಗೆ ಬಂದ ಬಸುರಿಯ ಚಿಕ್ಕಮ್ಮನನ್ನು ಎಂದಿನಂತೆ ಬಾಗಿಲ ಹೊರಗೆ ದಬ್ಬಿ ಅಗಳಿ ಹಾಕಿದೆವು. ಯಾರೂ ಬೇಕೆಂದು ಮಾಡಿದ್ದಲ್ಲ. ಕೈಗೆ ರೂಢಿಯಾಗಿತ್ತು. ಅದೂ ಅಲ್ಲದೆ, ಹಳೆಯ ರೀತಿಯಲ್ಲಿ ಏನಾದರೂ ಎಡವಟ್ಟಾದರೆ ಅದು ದೇವರಿಚ್ಛೆ, ಹೊಸ ರೀತಿಯಲ್ಲಿ ಆದರೆ ಅದು ಮಾಡಿದವರ ತಲೆಗೆ. ಇದು ಎಲ್ಲ ಆಸ್ಪತ್ರೆಗಳಲ್ಲೂ ಎಲ್ಲರಿಗೂ ಗೊತ್ತಿರುವ ಮಾತು, ಯಾರೂ ಆಡುವುದಿಲ್ಲ ಅಷ್ಟೇ.

ಆಷಾಢ ಮುಗಿಯುವ ಹೊತ್ತಿಗೆ ನಸೀಮಾ ಬಾಯಿ ಒಂದು ಹೊಸ ಝೆರಾಕ್ಸ್ ತಂದರು. ಕೊಲಂಬಿಯಾ ಎಂಬ ದೇಶದಲ್ಲಿ ಶುರುವಾದ ರೀತಿಯಂತೆ. ತಿಂಗಳು ತುಂಬದೆ ಹುಟ್ಟಿದ ಕೂಸನ್ನು ತಾಯಿಯ ಬರಿಯೆದೆಗೆ, ಚರ್ಮಕ್ಕೆ ಚರ್ಮ ತಾಗುವ ಹಾಗೆ, ನೆಟ್ಟಗೆ ಕಟ್ಟುವುದು. ಹಗಲೂ ರಾತ್ರಿ ಹಾಗೇ ಇಟ್ಟುಕೊಳ್ಳುವುದು. ಕೂಸು ಬೆಚ್ಚಗಿರುತ್ತದೆ, ಉಸಿರು ತಪ್ಪುವುದಿಲ್ಲ, ಬೇಗ ಮೈ ಹಿಡಿಯುತ್ತದೆ. ಇದಕ್ಕೆ ಕಾಂಗರೂ ರೀತಿ ಎಂದು ಹೆಸರು. ಕಾಂಗರೂ ಅಂದರೆ ಏನೆಂದು ನಾನು ಕೇಳಿದೆ. ಅವರು ಝೆರಾಕ್ಸಿನ ಹಿಂದೆ ಚಿತ್ರ ಬರೆದು ತೋರಿಸಿದರು.

“ಹೆಗ್ಗಣ ಏನ್ರೀ ಬಾಯಿ ಇದು? ಹೊಟ್ಟಿಗಿ ಕಿಸೆ ಹೊಲಿಸಿಕೊಂಡದ?” ಅಂದೆ.

ದೇಶಪಾಂಡೆ ಸಾಹೇಬರು ನಗಲಿಲ್ಲ. “ಅಲ್ಲಿ ಪೆಟಗಿ ಸಾಲಲಾರದಕ ಹಿಂಗ ಮಾಡ್ಯಾರ. ನಮ್ಮಲ್ಲಿ ಪೆಟಗಿ ಅದ. ಮ್ಯಾಲ, ನಮ್ಮ ಹೆಣ್ಮಕ್ಕಳು ವಾರ್ಡಿನಾಗ ಕುಬಸ ಬಿಚ್ಚಿ ಕೂಡ್ತಾರೇನು? ಅತ್ತಿ ಬಿಡ್ತಾಳ? ಮಂದಿ ನಮ್ಮ ದವಾಖಾನಿಗಿ ಬರೋದೇ ಗಾಜಿನ ತೊಟ್ಟಿಲ ನೋಡಿ. ಕೂಸು ನೀವೇ ಕಟ್ಕೋರಿ ಅಂದ್ರ, ಮತ್ತ ನಿಮಗ್ಯಾಕ ಫೀ ಕೊಡಮು ಅಂತಾರ.”

“ಸರ್, ಲೇಖನ ಸುಳ್ಳಂತೀರೇನು?”

“ಸುಳ್ಳಂತ ಯಾರಂದ್ರು? ಖರೆ ಅದ. ಅವರಿಗಿ ಖರೆ ಅದ.”

“ಹಂಗಾರ ನಾಳಿ ಏನು ಬದಲ ಮಾಡಮು?”

ಸಾಹೇಬರು ಎದ್ದು ನಿಂತರು. “ನಾಳಿ? ನಾಳಿ ಬಲ್ಬ್ ಬದಲ ಮಾಡಮು. ತೊಟ್ಟಿಲದಾಗಿಂದು ಒಂದು ಹೋಗ್ಯದ.”

ನಸೀಮಾ ಬಾಯಿ ಆಗಲೇ ಸ್ವಂತ ಖರ್ಚಿನಿಂದ ಮಾಂಜರಪಾಟ ತಂದು, ಲೇಖನದ ಚಿತ್ರ ನೋಡಿ, ಕೂಸು ಕಟ್ಟುವ ಪಟ್ಟಿ ಹೊಲಿಸಿಟ್ಟಿದ್ದರು. ಅದನ್ನು ಮಡಚಿ ಝೆರಾಕ್ಸಿನ ಜೊತೆ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದರು. ನಾನು ಚಹಾದ ಬಸಿಗಳನ್ನು ಒಟ್ಟು ಮಾಡಿದೆ.

ಶ್ರಾವಣ ಹತ್ತಿತು. ಜಿನುಗು ಮಳೆ, ಬಿಡುವಿಲ್ಲ. ಕರಿ ಮಣ್ಣು ಚಪ್ಪಲಿಗೆ ಅಂಟಿಕೊಂಡು ಆಸ್ಪತ್ರೆಯ ಒಳಗೆಲ್ಲ ಬರುತ್ತಿತ್ತು. ಅಂಥದ್ದೊಂದು ಬೆಳಿಗ್ಗೆ ಸಾಸ್ತೂರ ಕಡೆಯಿಂದ ಜೀಪೊಂದು ಬಂತು. ಜೀಪಿನಲ್ಲಿ ಸುವರ್ಣಾ ಎಂಬ ಹುಡುಗಿ, ಚೊಚ್ಚಲ ಬಸುರಿ, ಮಲೇರಿಯಾದ ಚಳಿಜ್ವರದಲ್ಲಿ ಗಡಗಡ ನಡುಗುತ್ತಿದ್ದಳು. ಗಂಡನ ಮನೆ ದೇವಣಿ. ಹೆರಿಗೆಗೆಂದು ತವರಿಗೆ ಬಂದಿದ್ದಳು, ತಿಂಗಳು ಇನ್ನೂ ತುಂಬಿರಲಿಲ್ಲ. ಜೊತೆಗೆ ಅವಳ ಅವ್ವ ಗಂಗವ್ವ, ಅಪ್ಪ ಸಿದ್ರಾಮಪ್ಪ. ಹಣೆ ತುಂಬ ವಿಭೂತಿ, ತಲೆಗೆ ಬಿಳಿ ಪಟಕಾ, ಎದೆಯ ಮೇಲೆ ಬೆಳ್ಳಿಯ ಕರಡಿಗೆಯಲ್ಲಿ ಲಿಂಗ. ಗಟ್ಟಿ ಮುದುಕ. ನಾವೆಲ್ಲ ಅವನನ್ನು ಅಜ್ಜ ಎಂದೇ ಕರೆದೆವು.

ಅಜ್ಜ ಮಗಳನ್ನು ಎತ್ತಿಕೊಂಡು ಬಂದು ಬಾಗಿಲಲ್ಲಿ ನನ್ನ ಕೈಗೆ ಒಪ್ಪಿಸಿದ. ಒಳಗೆ ಮಾತ್ರ ಕಾಲಿಡಲಿಲ್ಲ. ನೆಟ್ಟಗೆ ಹೋಗಿ ಬೇವಿನ ಮರದ ಕೆಳಗೆ, ಮಳೆಯಲ್ಲಿ, ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು ಕುಂತ.

“ಅಜ್ಜಾರ, ಒಳಗ ಬರ್ರಿ, ತೋಯ್ಲಿಕತ್ತೀರಿ,” ಅಂದೆ.

ಗಂಗವ್ವನೇ ಉತ್ತರ ಕೊಟ್ಟಳು. “ಕರೀಬ್ಯಾಡ್ರಿ ಬಾಯಿ, ಬರಂಗಿಲ್ಲ. ಭೂಕಂಪದಾಗ ಇವರವ್ವ ಗ್ವಾಡಿ ಕೆಳಗ ಹೋದ್ಳು. ಅವತ್ತಿಂದ ಈ ಮನಷಾ ಸ್ಲ್ಯಾಬಿನ ಕೆಳಗ ಹೆಜ್ಜಿ ಇಟ್ಟಿಲ್ಲ. ಸರಕಾರ ಮನಿ ಕಟ್ಟಿಸಿ ಕೊಟ್ಟದ, ನಾನೊಬ್ಬಾಕೀನೇ ರಾಣಿ ಆಗಿ ಮಕ್ಕೋತೀನಿ. ಇವರದು ಅಂಗಳದಾಗ ಹೊರಸು, ಮ್ಯಾಲ ಬೇವಿನ ಗಿಡ. ಗಿಡಕ್ಕ ಬಾಡಿಗಿ ಒಂದು ಕೊಡೋದು ಬಾಕಿ ಉಳದದ.”

ಗಂಟೆಯೊಳಗೆ ಹೆರಿಗೆಯಾಯಿತು. ಹೆಣ್ಣು ಕೂಸು. ಒಂದೂವರೆ ಕಿಲೋ ಕೂಡ ಇರಲಿಲ್ಲ. ಬೆರಳುಗಳು ಕರಿಬೇವಿನ ದಂಟಿನ ಹಾಗೆ. ಆದರೆ ಅತ್ತಳು, ನೆಟ್ಟಗೆ ಉಸಿರಾಡಿದಳು. ಸಾಹೇಬರು ತಾವೇ ಎತ್ತಿ ಗಾಜಿನ ತೊಟ್ಟಿಲಲ್ಲಿ ಮಲಗಿಸಿದರು. ಬಲ್ಬುಗಳ ಹಳದಿ ಬೆಳಕಿನಲ್ಲಿ ಕೂಸು ಮಾವಿನ ಹಣ್ಣಿನಂತೆ ಕಂಡಿತು. ಗಂಗವ್ವ ಗಾಜಿಗೆ ಕೈ ಮುಗಿದಳು.

ಮಧ್ಯಾಹ್ನ ಹೊರಗೆ ಢಬ್ಬೆಂದು ಸದ್ದಾಯಿತು. ರಸ್ತೆಯ ಟ್ರಾನ್ಸ್‌ಫಾರ್ಮರು ಸುಟ್ಟುಹೋಯಿತು, ಊರಿಗೆಲ್ಲ ಕರೆಂಟು ಹೋಯಿತು. ಜನರೇಟರಿನ ಪಂಪು ರಿಪೇರಿಗೆಂದು ಮೆಕ್ಯಾನಿಕನ ಮನೆಯಲ್ಲಿತ್ತು. ನಾವು ಬಿಸಿನೀರಿನ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಕೂಸಿನ ಅಕ್ಕಪಕ್ಕ ಇಟ್ಟೆವು. ಶ್ರಾವಣದ ಆ ಥಂಡಿಯಲ್ಲಿ ನೀರು ಎಷ್ಟು ಹೊತ್ತು ಬಿಸಿ ಇರುತ್ತದೆ? ಕೂಸಿನ ಪಾದ ಮುಟ್ಟಿದೆ, ತಣ್ಣಗಿತ್ತು. ಸ್ವಲ್ಪ ಹೊತ್ತಿಗೆ ಹೊಟ್ಟೆಯೂ ತಣ್ಣಗಾಯಿತು. ಅಳು ಸಣ್ಣದಾಯಿತು.

“ಸೋಲಾಪುರಕ್ಕ ಕಳಸಮು,” ಅಂದರು ಸಾಹೇಬರು. ಮುಖ ಸಣ್ಣದಾಗಿತ್ತು.

ನಸೀಮಾ ಬಾಯಿ ಮೆಲ್ಲಗೆ ಹೇಳಿದರು. “ಸರ್, ಜೀಪಿನಾಗ ತಾಸುಗಟ್ಟಲೆ ಹಾದಿ. ಹಾದ್ಯಾಗ ಆಕಿನ್ನ ಬೆಚ್ಚಗ ಹ್ಯಾಂಗ ಇಡಮು? ಯಾರರೇ ಎದೀಗಿ ಕಟ್ಕೊಂಡೇ ಒಯ್ಬೇಕು. ಹಾದ್ಯಾಗ ಕಟ್ಟೋದು ಇಲ್ಲೇ ಕಟ್ಟಮು.”

ಸಾಹೇಬರು ತಣ್ಣಗಾದ ಪೆಟ್ಟಿಗೆಯ ಮೇಲೆ ಕೈಯಿಟ್ಟು ನಿಂತರು. ಕೊನೆಗೆ, “ಕರೆಂಟ್ ಬರೋ ತನ. ಅಷ್ಟೇ,” ಅಂದರು.

ಯಾರು ಕಟ್ಟಿಕೊಳ್ಳಬೇಕು? ಸುವರ್ಣಾ ಚಳಿಯಲ್ಲಿ ಮಂಚ ಅಲುಗಿಸುತ್ತಿದ್ದಳು, ಸಲೈನು ಓಡುತ್ತಿತ್ತು. ಗಂಗವ್ವನಿಗೆ ಕೆಮ್ಮು, ಸಾಹೇಬರು ಬೇಡ ಎಂದರು. ನನ್ನ ಕೈಯಲ್ಲಿ ವಾರ್ಡಿತ್ತು. ಅಷ್ಟರಲ್ಲಿ ಇನ್ನೊಬ್ಬಳು ಹೆರಿಗೆಗೆ ಬಂದಳು, ನಸೀಮಾ ಬಾಯಿ ಅತ್ತ ಓಡಾಡಬೇಕಾಯಿತು. ಎಲ್ಲರೂ ಕಿಟಕಿಯಿಂದ ಹೊರಗೆ ನೋಡಿದೆವು. ಬೇವಿನ ಮರದ ಕೆಳಗೆ ಅಜ್ಜ.

ನಾನು ಕೊಡೆ ಹಿಡಿದು ಹೋಗಿ ವಿಷಯ ಹೇಳಿದೆ. ಅಜ್ಜ ಗಮನವಿಟ್ಟು ಕೇಳಿದ.

“ಎದೀಗಿ ಕಟ್ಕೊಂಡ್ರ ಬದಕ್ತದ?”

“ಬದಕ್ತದಂತ ಓದೀವಿ ಅಜ್ಜಾರ.”

“ಮಾಡಿ ನೋಡೀರೇನು?”

“ಇಲ್ಲ. ನಿಮ್ಮದೇ ಮೊದಲು,” ಅಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಅಜ್ಜ ಎದ್ದು ಚೀಲ ಝಾಡಿಸಿದ. “ಮೊದಲು ಯಾರರೇ ಆಗ್ಬೇಕಲ್ಲ. ಮಗಳು ತವರಿಗಿ ಬಂದಾಳ. ಆಕಿನ್ನ ಬರಿ ಉಡೀಲೆ ದೇವಣಿಗಿ ಕಳಸಲಾ ನಾ? ಕಟ್ರಿ. ಆದ್ರ ಸ್ಲ್ಯಾಬಿನ ಕೆಳಗ ಬರಂಗಿಲ್ಲ. ಮ್ಯಾಲಿಂದು ಬಿದ್ರ ಕೂಸೂ ನನ್ನ ಜೋಡಿ ಹೋಗ್ತದ.”

ಮಳೆಯಲ್ಲಿ ಮರದ ಕೆಳಗೆ ಕೂಸು ಇಡುವಂತಿಲ್ಲ. ಅಜ್ಜ ಸುತ್ತ ನೋಡಿ ಪತ್ರಾ ಶೆಡ್ಡಿನತ್ತ ಗದ್ದ ಎತ್ತಿದ. “ಅದು ನಡೀತದ. ತಗಡು ಬಿದ್ರ ಗಾಯ ಆಗ್ತದ, ಜೀವ ಹೋಗಂಗಿಲ್ಲ.”

ಹೀಗೆ ಕೋಳಿ ಸಂಸಾರವನ್ನು ಹೊರಗೆ ಹಾಕಿದೆವು. ನೆಲ ಗುಡಿಸಿ ಫಿನೈಲು ಹಾಕಿ, ಮಂಚ ತಂದು, ಮೂಲೆಗೆ ಕೆಂಡದ ಶೇಗಡಿ ಇಟ್ಟು, ಹೊಗೆ ಹೋಗಲು ಕಿಟಕಿ ತೆರೆದೆವು. ಕಪಾಟಿನಿಂದ ಮಾಂಜರಪಾಟದ ಪಟ್ಟಿ ಬಂತು. ಆಗ ನೋಡಿ, ಹೊಸ ಬಟ್ಟೆ, ಗಂಜಿಗೆ ಚಪ್ಪಡಿಯಂತೆ ನಿಂತಿತ್ತು. ಗಂಟು ಕೂಡುತ್ತಿರಲಿಲ್ಲ, ಕೂಸಿನ ಚರ್ಮಕ್ಕೆ ಉಜ್ಜಿದರೆ ತರಚುವಂತಿತ್ತು. ಸ್ಟೋವಿನ ಮೇಲೆ ಕುದಿಸಿದೆ. ಶೆಡ್ಡು ತುಂಬ ಗಂಜಿಯ ವಾಸನೆ ಹರಡಿತು. ಗಂಜಿ ಹೋಯಿತು, ಬಟ್ಟೆ ಒದ್ದೆಯಾಯಿತು. ಮಳೆಯಲ್ಲಿ ಒಣಗುವುದೆಲ್ಲಿ? ಓದಿದ ನಮ್ಮಲ್ಲಿ ಯಾರೂ ಇದನ್ನು ಮೊದಲೇ ಒಗೆದಿಡಬೇಕೆಂದು ಯೋಚಿಸಿರಲಿಲ್ಲ. ಕಪಾಟಿನಲ್ಲಿಡಲೆಂದೇ ಹೊಲಿಸಿದ್ದೆವೇನೋ ಎನ್ನುವ ಹಾಗಿತ್ತು.

ಅಜ್ಜ ತಲೆಗೆ ಕೈ ಹಾಕಿದ. ಸಾಹೇಬರು ಹೌಹಾರಿದರು. “ಅಹೋ, ತಲೀ ಮ್ಯಾಲಿನ ಪಟಕಾ ಬ್ಯಾಡ್ರಿ! ಹೊಲಸು ಇರ್ತದ!”

“ತಲಿ ತುರಸ್ಲಿಕತ್ತೀನ್ರೀ ಸಾಹೇಬ್ರ. ಒಗದದ್ದು ಬ್ಯಾರೆ ಅದ, ಕೈಚೀಲದಾಗ. ಮಗಳ ಲಗ್ನದಾಗ ಸುತ್ತಿದ್ದು.”

ಗಂಗವ್ವನ ಕೈಚೀಲದಿಂದ ಬಂದ ಆ ಪಟಕಾ ಒಗೆದು ಒಗೆದು ಬೆಣ್ಣೆಯಂತಾಗಿತ್ತು. ಸ್ಟೋವಿನ ಶಾಖಕ್ಕೆ ಹಿಡಿದು ಬೆಚ್ಚಗೆ ಮಾಡಿದೆ. ಅಜ್ಜ ಬಿಸಿನೀರಿನಲ್ಲಿ ಎದೆ ತೊಳೆದುಕೊಂಡು ಬಂದ. ನಸೀಮಾ ಬಾಯಿ ಕೂಸನ್ನು ಹಿಡಿದು ನಿಂತರು. ಆಗ ಇನ್ನೊಂದು ತೊಡಕು. ಅಜ್ಜನ ಎದೆಯ ನಡುವೆ ಬೆಳ್ಳಿಯ ಕರಡಿಗೆ.

“ಅಜ್ಜಾ, ಇದು ಥಂಡಿ ಅದ, ಕೂಸಿಗಿ ಒತ್ತತದ. ಜರಾ ತೆಗದು ಬಾಜೂಕ ಇಡ್ರಿ,” ಅಂದರು ಸಾಹೇಬರು.

ಅಜ್ಜನ ಮುಖ ಬಿಗಿಯಿತು. “ಜೀವ ಇರೋ ತನ ಮೈ ಬಿಟ್ಟು ತೆಗ್ಯಂಗಿಲ್ಲ ಸಾಹೇಬ್ರ. ಎದಿ ಒಂದೇ ಅದ. ಅಲ್ಲಿ ಲಿಂಗ ಅದ. ಹ್ಯಾಂಗ ಮಾಡಲಿ?”

ಕೂಸು ತಣ್ಣಗಾಗುತ್ತಿತ್ತು. ನನಗೆ ಅಜ್ಜಿಯ ನೆನಪಾಯಿತು. ಅವಳು ಹೊಲಕ್ಕೆ ಕಳೆ ತೆಗೆಯಲು ಹೋಗುವಾಗ ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಬಗಲಲ್ಲಿ ಕಟ್ಟಿಕೊಳ್ಳುತ್ತಿದ್ದಳು. “ಅಜ್ಜಾರ, ಕರಡಿಗಿ ಬ್ಯಾಡ, ಲಿಂಗವಸ್ತ್ರದಾಗ ಕಟ್ಟಿ ಬಗಲಿಗಿ ಸರಸ್ರಿ. ಮೈ ಬಿಡಬಾರದು, ಹೊಕ್ಕಳದ ಕೆಳಗ ಇಳೀಬಾರದು, ಅಷ್ಟೇ ಅಲ್ಲೇನು? ನಮ್ಮಜ್ಜಿ ಹಂಗೇ ಮಾಡ್ತಿದ್ಳು,” ಅಂದೆ.

ಅಜ್ಜ ನನ್ನನ್ನು ಹೊಸದಾಗಿ ನೋಡಿದ. “ಯಾವೂರು ಬಾಯಿ ನಿಮ್ಮದು?”

“ಭಾಲ್ಕಿ.”

“ಹಂಗನ್ರಿ ಮತ್ತ,” ಎಂದು ಲಿಂಗವನ್ನು ವಸ್ತ್ರದಲ್ಲಿ ಕಟ್ಟಿ ಎಡಬಗಲಿಗೆ ಸರಿಸಿಕೊಂಡ. ಗಂಗವ್ವ ಬಾಗಿಲಿಂದ ರಾಗ ತೆಗೆದಳು, “ಇವತ್ತ ಹುಟ್ಟಿದ ಕೂಸು, ಸೂತಕ ಕಳದಿಲ್ಲ. ಮುಟ್ಟಿ ನಾಳಿ ಪೂಜಾ ಹ್ಯಾಂಗ ಮಾಡ್ತೀರಿ?” ಅಜ್ಜ ತಿರುಗಿಯೂ ನೋಡದೆ, “ಲಿಂಗ ಕಟ್ಟಿದವ್ರಿಗಿ ಎಲ್ಲೀ ಸೂತಕ, ಬಾಗಲ ಮುಚ್ಚು, ಗಾಳಿ ಬರ್ತದ,” ಅಂದ.

ಕೂಸನ್ನು ಎದೆಯ ಮೇಲೆ ಕಪ್ಪೆಯಂತೆ ಕೂಡಿಸಿದೆವು. ತಲೆ ಒಂದು ಪಕ್ಕಕ್ಕೆ, ತಲೆಗೆ ಕುಲಾವಿ, ಮೂಗು ಬಾಯಿ ಕಾಣುವಂತೆ. ನಸೀಮಾ ಬಾಯಿ ಹೇಳುತ್ತಾ ಹೋದರು, ಅಜ್ಜ ಪಟಕಾ ಸುತ್ತುತ್ತಾ ಹೋದ. ಜೀವಮಾನವಿಡೀ ಪಟಕಾ ಸುತ್ತಿದ ಕೈ, ಹೇಳುವುದು ಮುಗಿಯುವ ಮೊದಲೇ ಗಂಟು ಬಿದ್ದಿತ್ತು. ಮೇಲೆ ಕಂಬಳಿ ಹೊದಿಸಿ ಮಂಚಕ್ಕೆ ದಿಂಬು ಒರಗಿಸಿ ಕೂಡಿಸಿದೆವು.

ಆಮೇಲಿನ ಮಧ್ಯಾಹ್ನ ದೊಡ್ಡದು. ಸಾಹೇಬರು ಕೊಡೆ ಹಿಡಿದು ಕಟ್ಟಡದಿಂದ ಶೆಡ್ಡಿಗೆ, ಶೆಡ್ಡಿಂದ ಕಟ್ಟಡಕ್ಕೆ ಓಡಾಡಿದ್ದೇ ಓಡಾಡಿದ್ದು. ಒಮ್ಮೆ ಪೆನ್ನು ಮರೆತೆ ಎಂದು ಬಂದರು, ಒಮ್ಮೆ ಶೇಗಡಿಯ ಕೆಂಡ ನೋಡಲು. ಬಂದಾಗಲೆಲ್ಲ ಕಂಬಳಿಯ ಸಂದಿಯಲ್ಲಿ ಕೈ ಹಾಕಿ ಕೂಸಿನ ಪಾದ ಮುಟ್ಟುತ್ತಿದ್ದರು. ಅಜ್ಜ ತನಗೇ ಕೇಳುವಷ್ಟು ಸಣ್ಣ ದನಿಯಲ್ಲಿ ಭಜನೆ ಗುನುಗುತ್ತಿದ್ದ. ತಗಡಿನ ಮೇಲೆ ಮಳೆ ತಾಳ ಹಾಕುತ್ತಿತ್ತು. ಸುವರ್ಣಾಳ ಎದೆಹಾಲು ಹಿಂಡಿ ತಂದು ಚಮಚದ ತುದಿಯಲ್ಲಿ ಹನಿ ಹನಿ ಹಾಕಿದೆ. ಮೊದಲು ಹೊರಗೆ ಸೋರಿತು. ಆಮೇಲೊಮ್ಮೆ ತುಟಿ ಅಲುಗಿತು, ಗುಟುಕ್ಕೆಂದಿತು. “ನುಂಗಿದ್ಳು!” ಎಂದು ನಾನು ಕಿರುಚಿದೆ. “ಮೆಲ್ಲಗ್ರೀ ಬಾಯಿ, ಎಚ್ಚರ ಆಗ್ತದ,” ಎಂದು ಅಜ್ಜ ಗದರಿಸಿದ.

ದೀಪ ಹಚ್ಚುವ ಹೊತ್ತಿಗೆ ಕರೆಂಟು ಬಂತು. ರಸ್ತೆಯ ಉದ್ದಕ್ಕೂ ಹೋ ಎಂದು ಕೂಗು. ಕಟ್ಟಡದಲ್ಲಿ ಗಾಜಿನ ತೊಟ್ಟಿಲು ಹಳದಿಯಾಗಿ ಹೊತ್ತಿಕೊಂಡದ್ದು ಶೆಡ್ಡಿನ ಕಿಟಕಿಯಿಂದಲೇ ಕಂಡಿತು. ನಸೀಮಾ ಬಾಯಿ ನನ್ನ ಕೈ ಹಿಡಿದರು. ಕರೆಂಟ್ ಬರುವ ತನಕ ಎಂದು ಮಾತಾಗಿತ್ತಲ್ಲ.

ಪೆಟ್ಟಿಗೆ ಕಾದ ಮೇಲೆ ಸಾಹೇಬರು ಬಂದರು. ಎರಡೂ ಕೈ ಚಾಚಿಕೊಂಡೇ ಬಂದರು.

“ಸಾಹೇಬ್ರ, ಈಗಷ್ಟೇ ನಿದ್ದಿ ಹತ್ತ್ಯದ,” ಅಂದ ಅಜ್ಜ.

ಸಾಹೇಬರು ಕೂಸಿನ ಬಗಲಿಗೆ ಥರ್ಮಾಮೀಟರ್ ಇಟ್ಟರು. ತೆಗೆದು ಬೆಳಕಿಗೆ ಹಿಡಿದರು. “ಹ್ಮ್,” ಅಂದರು. ಝಾಡಿಸಿ ಮತ್ತೆ ಇಟ್ಟರು. ಮತ್ತೆ ನೋಡಿದರು. ಕೂಸು ಗುಲಾಬಿ ಬಣ್ಣಕ್ಕೆ ಬಂದಿತ್ತು. ಬೆರಳೊಂದು ಅಜ್ಜನ ಎದೆಯ ಬಿಳಿ ಕೂದಲನ್ನು ಹಿಡಿದುಕೊಂಡಿತ್ತು. ಸಾಹೇಬರು ಆ ಬೆರಳು ಬಿಡಿಸಲು ಕೈ ಹಾಕಿದವರು ಹಾಗೇ ಹಿಂದೆ ತೆಗೆದರು.

“ಇರಲಿ. ಮುಂಜಾನಿ ತನ ಇರಲಿ,” ಅಂದರು.

ಮುಂಜಾನೆ ನಾನು ಶೆಡ್ಡಿಗೆ ಹೋದಾಗ ಅಜ್ಜನ ಕಣ್ಣು ಕೆಂಪಾಗಿತ್ತು, ಮುಖ ಮಾತ್ರ ಹಬ್ಬದಂತಿತ್ತು. ಆದರೆ ಇನ್ನೊಂದು ಪೇಚು. ಸ್ನಾನ, ಲಿಂಗಪೂಜೆ ಆಗದೆ ಅಜ್ಜ ನೀರೂ ಮುಟ್ಟುವವನಲ್ಲ. ಸುವರ್ಣಾಳ ಜ್ವರ ಇನ್ನೂ ಬಿಟ್ಟಿರಲಿಲ್ಲ. ನನ್ನ ಕೈಯಲ್ಲಿ ಅವಳಿಗೆ ಹಾಕಬೇಕಾದ ಸಲೈನಿನ ಬಾಟಲಿ. ನಸೀಮಾ ಬಾಯಿ ಹೆರಿಗೆ ಕೋಣೆಯಲ್ಲಿ. ಅಷ್ಟರಲ್ಲಿ ಸಾಹೇಬರು ಥರ್ಮಾಮೀಟರ್ ಹಿಡಿದು ಬಾಗಿಲಲ್ಲಿ ನಿಂತರು.

“ಛಲೋ ಆತು ಬಂದ್ರಿ. ಹಿಡೀರಿ ಸಾಹೇಬ್ರ,” ಎಂದು ಅಜ್ಜ ಪಟಕಾದ ಗಂಟು ಸಡಲಿಸಿದ.

“ನಾನ?”

“ಯಾಕ, ಎದಿ ಇಲ್ಲೇನು ನಿಮಗ?”

ಮೂವತ್ತು ವರ್ಷದ ಡಾಕ್ಟರಿಕೆಯಲ್ಲಿ ಸಾಹೇಬರಿಗೆ ಯಾರೂ ಈ ಪ್ರಶ್ನೆ ಕೇಳಿರಲಿಕ್ಕಿಲ್ಲ. ಅವರು ನನ್ನನ್ನು ನೋಡಿದರು. ನಾನು ಸಲೈನಿನ ಬಾಟಲಿಯನ್ನು ಬಹಳ ಶ್ರದ್ಧೆಯಿಂದ ನೋಡಿದೆ. ಸಾಹೇಬರು ಕೋಟು ತೆಗೆದರು. ಶರ್ಟಿನ ಗುಂಡಿ ಒಂದೊಂದಾಗಿ ಬಿಚ್ಚಿದರು. ಬೆಳ್ಳನೆಯ ಎದೆಯ ಮೇಲೆ ಜನಿವಾರ. ಅಜ್ಜ ಅದನ್ನು ನೋಡಿ, ಬಲು ಗಂಭೀರವಾಗಿ ಹೇಳಿದ: “ಅದಷ್ಟು ಬಗಲಿಗಿ ಸರಸ್ರಿ. ಕೂಸಿಗಿ ಒತ್ತತದ.”

ನನಗೆ ನಗು ತಡೆಯಲಾಗಲಿಲ್ಲ. ಸಾಹೇಬರೂ ನಕ್ಕುಬಿಟ್ಟರು. ಅವರು ಹಾಗೆ ನಕ್ಕದ್ದನ್ನು ನಾನು ಅಂದೇ ಮೊದಲು ಕಂಡದ್ದು.

ಅಜ್ಜನ ಪೂಜೆ ಸಣ್ಣದಲ್ಲ. ಅದು ಮುಗಿಯುವುದರೊಳಗೆ ಮುಂದಿನ ಕಟ್ಟಡದಲ್ಲಿ ರೋಗಿಗಳ ಸಾಲು ಬೆಳೆಯಿತು. ಡಾಕ್ಟರು ಎಲ್ಲಿ ಎಂದು ಮಂದಿ ಹುಡುಕಿಕೊಂಡು ಶೆಡ್ಡಿಗೇ ಬಂದರು. ಸಾಹೇಬರು ಕುರ್ಚಿಯಲ್ಲಿ ಕೂತು, ಎದೆಗೆ ಕೂಸು ಕಟ್ಟಿಕೊಂಡು, ಮೇಲೆ ಕಂಬಳಿ ಹೊದ್ದು, ಒಂದು ಕೈಯಲ್ಲಿ ಕೂಸಿನ ಬೆನ್ನು ಹಿಡಿದು, ಇನ್ನೊಂದು ಕೈಯಲ್ಲಿ ಔಷಧ ಬರೆದುಕೊಟ್ಟರು. ಕೆಮ್ಮುವವರನ್ನೆಲ್ಲ ಬಾಗಿಲಾಚೆಯೇ ನಿಲ್ಲಿಸಿದರು. ಹೊಟ್ಟೆನೋವೆಂದು ಬಂದ ಮುದುಕಿಯೊಬ್ಬಳು ತನ್ನ ನೋವು ಮರೆತು ಹೊರಗೆ ಹೋಗಿ ಸಾರಿದಳು. “ಏ ಬರ್ರೇ, ದೊಡ್ಡ ಡಾಕ್ಟರೇ ಬಾಣಂತಿ ಆಗಿ ಕುಂತಾರ!”

ಹತ್ತು ಗುರುವಾರದ ಓದು ಮಾಡದ ಕೆಲಸವನ್ನು ಆ ಮುದುಕಿಯ ಬಾಯಿ ಒಂದು ಬೆಳಗಿನಲ್ಲಿ ಮಾಡಿತು. ದೊಡ್ಡ ಡಾಕ್ಟರೇ ಕಟ್ಟಿಕೊಂಡದ್ದು ಎಂದರೆ ಯಾವ ಅತ್ತೆ ಬೇಡವೆನ್ನುತ್ತಾಳೆ? ಆ ವಾರದಲ್ಲೇ ನಿಲಂಗಾದ ಕಡೆಯ ಒಬ್ಬಳು, ಔರಾದದ ಕಡೆಯ ಒಬ್ಬಳು ತಾವೇ ಕೇಳಿ ಕೂಸು ಕಟ್ಟಿಸಿಕೊಂಡರು. ಶೆಡ್ಡಿಗೆ ಪರದೆ ಬಂತು, ಇನ್ನೆರಡು ಮಂಚ ಬಂದವು. ಸುವರ್ಣಾಳ ಜ್ವರ ಬಿಟ್ಟು, ಅವಳು “ಅಪ್ಪಾ, ಈಗರೇ ನನಗ ಕೊಡ್ರಿ” ಎಂದಾಗ ಅಜ್ಜ ಬಹಳ ಹೊತ್ತು ಕೇಳಿಸದವನಂತೆ ಕೂತಿದ್ದ. ಕೊನೆಗೆ ಹಗಲು ಅವಳದು, ಸಂಜೆಯ ಮೇಲೆ ಅಜ್ಜನದು ಎಂದು ರಾಜಿಯಾಯಿತು.

ಮುಂದಿನ ಗುರುವಾರ ನಾವು ಕೂಡಿದಾಗ ಝೆರಾಕ್ಸ್ ಸಾಹೇಬರ ಕೈಯಲ್ಲಿತ್ತು. ಕೆಂಪು ಪೆನ್ಸಿಲಿನಲ್ಲಿ ಅಂಚೆಲ್ಲ ಬರೆದಿದ್ದರು. ಒಪ್ಪಿಕೊಂಡದ್ದಕ್ಕಿಂತ ಜಗಳವೇ ಹೆಚ್ಚಿತ್ತು. ಉಸಿರಾಟದ ತೊಂದರೆಯ ಕೂಸಿಗೆ ಪೆಟ್ಟಿಗೆಯೇ ಬೇಕು, ಕೆಮ್ಮಿನವರು ಕಟ್ಟಿಕೊಳ್ಳಬಾರದು, ಪಾದ ಮುಟ್ಟಿ ನೋಡುವುದನ್ನು ತಾಯಿಗೆ ಕಲಿಸಬೇಕು, ಹೀಗೆ. ನಸೀಮಾ ಬಾಯಿ ಒಂದೊಂದಕ್ಕೂ ಉತ್ತರ ಕೊಟ್ಟರು, ಕೆಲವಕ್ಕೆ ಸೋತರು. ಚಹಾ ಆರಿಹೋಯಿತು, ಯಾರೂ ಕುಡಿಯಲಿಲ್ಲ. ಕೊನೆಗೆ ನಾನೇ ಕೇಳಿದೆ, “ಹಂಗಾರ ನಾಳಿ ಏನು ಬದಲ ಮಾಡಮು?”

“ನಾಳಿ ಶೆಡ್ಡಿಗಿ ಸುಣ್ಣ ಹೊಡಸಮು,” ಅಂದರು ಸಾಹೇಬರು. ಬಾಗಿಲಿನ ತನಕ ಹೋದವರು ತಿರುಗಿ ನನ್ನ ಕಡೆ ಬೆರಳು ಮಾಡಿದರು. “ಮತ್ತ ಆ ಮಾಂಜರಪಾಟ ತಂದು ಎಂಟು ಸಲ ಒಗೀರಿ. ಬಸುರಿ ಜೋಡಿ ಬಂದ ಚಿಗವ್ವ-ಅತ್ತಿಯರನ್ನೂ ಇನ್ನ ಹೊರಗ ದಬ್ಬಬ್ಯಾಡ್ರಿ. ಅದೂ ಖರೆ ಅಂತ ಓದೀವಿ.”

ಆ ಶ್ರಾವಣವಿಡೀ ನಾನು ಮಾಂಜರಪಾಟ ಕುದಿಸಿದೆ, ಒಗೆದೆ, ಬಿಸಿಲು ಕಂಡಾಗ ಬೇವಿನ ಟೊಂಗೆಗೆ ಹರವಿದೆ. ನನ್ನ ಸೀರೆಯಿಂದಲೂ ಗಂಜಿಯ ವಾಸನೆ ಬರುತ್ತಿತ್ತು. “ನಿನ್ನ ಮೈಯಾಗ ಬಟ್ಟಿ ಅಂಗಡಿ ಹೊಕ್ಕದ,” ಎಂದು ಮನೆಯವರು ನಗುತ್ತಿದ್ದರು.

ಕೂಸು ಮೈ ಹಿಡಿದು, ತಾನೇ ಮೊಲೆ ಕಚ್ಚಿ ಕುಡಿಯಲು ಕಲಿತ ಮೇಲೆ ಮನೆಗೆ ಕಳಿಸಿದೆವು. ಗೌರಿ ಎಂದು ಹೆಸರಿಟ್ಟರು. ಅಜ್ಜ ಪಟಕಾವನ್ನು ಒಗೆಯದೆ ಹಾಗೇ ತಲೆಗೆ ಸುತ್ತಿಕೊಂಡ. “ಹಾಲು ಕಕ್ಕಿದ ವಾಸನಿ ಬರ್ತದ,” ಎಂದು ಗಂಗವ್ವ ಮೂಗು ಮುರಿದಳು. “ಬರಲಿ,” ಎಂದು ಅಜ್ಜ ಜೀಪು ಹತ್ತಿದ.

ದಸರೆಯ ಮುಂಚೆ ಕೂಸನ್ನು ನೋಡಿ ಬರಲು ಸಾಹೇಬರು, ನಸೀಮಾ ಬಾಯಿ, ನಾನು ಮೂವರೂ ಸಾಸ್ತೂರ ಕಡೆ ಹೋದೆವು. ಮಳೆಗಾಲ ಮುಗಿಯುವ ಹೊತ್ತಿನ ತಂಪು ಗಾಳಿ ಬೀಸುತ್ತಿತ್ತು. ಹೊಸ ಊರಿನ ಸಾಲು ಮನೆಗಳಲ್ಲಿ ಅಜ್ಜನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂಗಳದಲ್ಲಿ ಬೇವಿನ ಗಿಡ, ಗಿಡದ ಕೆಳಗೆ ಹೊರಸು. ಹೊರಸಿನ ಮೇಲೆ ಯಾರೂ ಇರಲಿಲ್ಲ. ಅದರ ಮೇಲೆ ಮೆಣಸಿನಕಾಯಿ ಒಣಗಲು ಹಾಕಿದ್ದರು.

ಗಂಗವ್ವ ಬಾಗಿಲಲ್ಲಿ ನಿಂತು ತುಟಿಯ ಮೇಲೆ ಬೆರಳಿಟ್ಟಳು. ಒಳಗೆ ಬನ್ನಿ ಎಂದು ಸನ್ನೆ ಮಾಡಿದಳು. ಕಣ್ಣಲ್ಲಿ ನಗು, ನೀರು ಎರಡೂ ಇದ್ದವು.

ನಡುಮನೆಯಲ್ಲಿ, ಸ್ಲ್ಯಾಬಿನ ಕೆಳಗೆ, ಗೋಡೆಗೆ ಬೆನ್ನು ಕೊಟ್ಟು ಅಜ್ಜ ಕೂತಿದ್ದ. ಎದೆಗೆ ಪಟಕಾ, ಪಟಕಾದಲ್ಲಿ ಗೌರಿ. ಅವಳಿಗೀಗ ಕಟ್ಟಿಕೊಳ್ಳುವ ಅಗತ್ಯವೇನೂ ಉಳಿದಿರಲಿಲ್ಲ, ಗಲ್ಲ ತುಂಬಿಕೊಂಡು ದುಂಡಗಾಗಿದ್ದಳು. ಅದನ್ನು ಹೇಳಲು ಯಾರಿಗೂ ಮನಸ್ಸು ಬರಲಿಲ್ಲ.

“ಅಜ್ಜಾರ, ಒಳಗ ಬಂದೀರಲ್ಲ!” ಅಂದೆ ಪಿಸುದನಿಯಲ್ಲಿ.

“ಹೊರಗ ಥಂಡಿ ಗಾಳಿ ಬಿಟ್ಟದ ಬಾಯಿ. ಕೂಸಿಗಿ ಥಂಡಿ ಬ್ಯಾಡ ಅಂತ ನೀವೇ ಹೇಳೀರಿ.” ಅಜ್ಜ ಕಣ್ಣು ಮೇಲೆತ್ತಿ ಸ್ಲ್ಯಾಬನ್ನು ಒಮ್ಮೆ ಮೂಲೆಯಿಂದ ಮೂಲೆಗೆ ನೋಡಿದ. “ನೋಡ್ಲಿಕತ್ತೀನಿ. ಸದ್ಯಕ್ಕ ಸುಮ್ಮನದ.”

ದೇಶಪಾಂಡೆ ಸಾಹೇಬರೂ ತಲೆಯೆತ್ತಿ ಸ್ಲ್ಯಾಬನ್ನು ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು, ಅಜ್ಜನ ಪಕ್ಕ ಅದೇ ಗೋಡೆಗೆ ಬೆನ್ನು ಹಚ್ಚಿ ಕೂತು, ಗೌರಿಯ ಪಾದ ಮುಟ್ಟಿ ನೋಡಿದರು.

“ಇರಲಿ,” ಅಂದರು. “ಮುಂಜಾನಿ ತನ ಇರಲಿ.”